ಹೊಂಡದ ಬೇಲಿ: ಬಿಲ್ ಆದ್ಮೇಲೆ ಯಾರು ನೋಡ್ತಾರ?

(ಈ ವಾರದ ಪಾಡ್‌ಕಾಸ್ಟ್ ಮಾತಿನ ಪಠ್ಯರೂಪ)

ರಾಯಚೂರು, ದೇವದುರ್ಗ, ಮಾನ್ವಿ ಕಡೆಯಿಂದ ಕೇಳೋರಿಗೆ ನಮಸ್ಕಾರ. ಗುಳೆ ಹೋಗಿ ಬೆಂಗಳೂರಿನ ಯಾವುದೋ ಬಿಲ್ಡಿಂಗ್ ಸೈಟಿನಾಗ ಕೆಲಸ ಮುಗಿಸಿ, ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋ ನಮ್ಮ ಗೆಳೆಯರಿಗೂ ನಮಸ್ಕಾರ. ಇವತ್ತಿನ ವಿಷಯ ನೀರಿನ ಸುತ್ತ ಇರೋ ಬೇಲಿ. ಅದನ್ನ ಹಾಕೋದರ ಬಗ್ಗೆ ಸ್ವಲ್ಪ, ಹಾಕಿದ ಮೇಲೆ ಅದನ್ನ ನೋಡ್ಕೊಳ್ಳೋದರ ಬಗ್ಗೆ ಜಾಸ್ತಿ ಮಾತಾಡೋಣ.

ಮೊದಲು ಸ್ವಲ್ಪ ದೂರದಿಂದ ಶುರು ಮಾಡ್ತೀನಿ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬಹಳ ಕನ್ನಡದ ಕುಟುಂಬಗಳು ಅವ. ಅಲ್ಲಿ ಹಿತ್ತಲಲ್ಲಿ ಈಜುಕೊಳ ಇರೋ ಮನೆ ಬಾಡಿಗೆಗೆ ಹಿಡಿಯೋಕೆ ಹೋದ್ರ, ಕೊಳದ ಬೇಲಿ ಸರಿ ಅದ ಅನ್ನೋ ಒಂದು ಪ್ರಮಾಣಪತ್ರವನ್ನ ಮಾಲೀಕರು ತೋರಿಸಬೇಕು. ಸಿಡ್ನಿ ಇರೋ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1992ರಿಂದಲೇ ಇದಕ್ಕೊಂದು ಕಾಯ್ದೆ ಅದ. 2016ರ ಏಪ್ರಿಲ್‌ನಿಂದ ಕೊಳ ಇರೋ ಮನೆ ಬಾಡಿಗೆ ಕೊಡೋಕೆ ಈ ಕಾಗದ ಬೇಕೇ ಬೇಕು. ಒಬ್ಬ ಪರಿಶೀಲಕರು ಟೇಪ್ ಹಿಡ್ಕೊಂಡು ಬಂದು ಬೇಲಿ ಅಳೀತಾರ, ಗೇಟು ತೆಗೆದು ಬಿಟ್ಟು ನೋಡ್ತಾರ. ಎಲ್ಲಾ ಸರಿ ಇದ್ರ ಪ್ರಮಾಣಪತ್ರ ಕೊಡ್ತಾರ. ಅದು ನಡೆಯೋದು 3 ವರ್ಷ ಮಾತ್ರ. ಆಮೇಲೆ ಮನೆ ಮಾರೋದಿದ್ರ, ಬಾಡಿಗೆ ಕೊಡೋದಿದ್ರ ಮತ್ತೆ ಬಂದು ನೋಡ್ಬೇಕು.

ಈ "ಮತ್ತೆ ಬಂದು ನೋಡ್ಬೇಕು" ಅನ್ನೋ ಮಾತನ್ನ ತಲಿಯಾಗ ಇಟ್ಕೊಳ್ರಿ. ಇವತ್ತಿನ ಮಾತೆಲ್ಲಾ ಅದರ ಮ್ಯಾಲೇ ನಿಂತದ.

ನಮ್ಮ ಕಡೆ ಈಜುಕೊಳ ಎಲ್ಲದ?

ನಮ್ಮ ಕಡೆ ಮನೆ ಹಿಂದ ಈಜುಕೊಳ ಇರೋರು ಎಷ್ಟು ಮಂದಿ ಅಂತ ನೀವು ನಗಬಹುದು. ಆದ್ರ 10 ಅಡಿ ಆಳದ ನೀರು ನಮ್ಮ ಹೊಲದಾಗ ಅದ. ಅದಕ್ಕ ನಾವು ಕೃಷಿ ಹೊಂಡ ಅಂತೀವಿ.

ಕರ್ನಾಟಕ ಸರ್ಕಾರದ ಕೃಷಿ ಭಾಗ್ಯ ಯೋಜನೆ 2014ರಲ್ಲಿ ಶುರುವಾಯ್ತು. ಮಳೆ ನಂಬಿದ ರೈತರು ಬಿದ್ದ ಮಳೆ ನೀರು ಹಿಡಿದಿಟ್ಟು, ಬೆಳೆ ಒಣಗೋ ಹೊತ್ತಿಗೆ ಒಂದೆರಡು ನೀರು ಕೊಡಲಿ ಅನ್ನೋದು ಅದರ ಉದ್ದೇಶ. ನಡುವೆ ಕೆಲವು ವರ್ಷ ನಿಂತಿತ್ತು. 2023-24ರಲ್ಲಿ 24 ಜಿಲ್ಲೆಗಳ 106 ತಾಲೂಕುಗಳಲ್ಲಿ ಮತ್ತೆ ಶುರುವಾಯ್ತು. ಇದು ಒಳ್ಳೆ ಯೋಜನೆ, ಅದರ ಮ್ಯಾಲೆ ನನ್ನ ತಕರಾರಿಲ್ಲ. ಕಾಲುವೆ ನೀರು ಮುಟ್ಟದ ಹತ್ತಿ, ತೊಗರಿ ಹೊಲಕ್ಕ ಒಂದು ಹೊಂಡ ಅಂದ್ರ ಏನು ಅಂತ ದೇವದುರ್ಗದ ಒಣಬೇಸಾಯದವರನ್ನ ಕೇಳಿ ನೋಡ್ರಿ.

ಆದ್ರ ಹೊಂಡದ ಅಳತೆ ಸ್ವಲ್ಪ ಲೆಕ್ಕ ಹಾಕೋಣ. 12 ಮೀಟರ್ ಉದ್ದ, 12 ಮೀಟರ್ ಅಗಲ, 3 ಮೀಟರ್ ಆಳದ ಹೊಂಡ ಅಂದ್ರ, ಇಳಿಜಾರು ಬಿಟ್ಟು ಸುಮಾರು ಎರಡೂವರೆ ಲಕ್ಷ ಲೀಟರ್ ನೀರು. 21 ಮೀಟರಿನ ದೊಡ್ಡ ಹೊಂಡ ತುಂಬಿದ್ರ ಹತ್ತಿರ ಹತ್ತಿರ 9 ಲಕ್ಷದ 80 ಸಾವಿರ ಲೀಟರ್. 5 ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್ 196 ಸಲ ತಂದು ಸುರುವಿದಷ್ಟು. ದೊಡ್ಡ ಮನುಷ್ಯ ನಿಂತು ಕೈ ಮೇಲೆತ್ತಿದ್ರೂ ಅದು ಮುಳುಗೋ ಆಳ.

ಈಗ ಯಾರಾದ್ರೂ ಹೇಳ್ತಾರ: "ಏನ್ ಮಾತಾಡ್ತೀರಿ, ನಾವು ಸಣ್ಣವರಿದ್ದಾಗ ಬಾವ್ಯಾಗ ಬೆಂಡು ಕಟ್ಕೊಂಡು ಈಜು ಕಲ್ತೋರು." ಹೌದು, ಕಲ್ತೀರಿ. ಆದ್ರ ಆ ಬಾವಿಗೆ ಮೆಟ್ಟಿಲು ಇದ್ದವು, ಹಿಡಕೊಳ್ಳೋಕೆ ಕಲ್ಲಿನ ಸಂದು ಇತ್ತು, ದಂಡಿ ಮ್ಯಾಲೆ ಕಾಕಾನೋ ಮಾವನೋ ಹಗ್ಗ ಹಿಡ್ಕೊಂಡು ನಿಂತಿರ್ತಿದ್ರು. ಹೊಂಡದಾಗ ಅದ್ಯಾವುದೂ ಇಲ್ಲ.

ಮಸಾರಿ ಭೂಮಿಯಲ್ಲಿ ನೀರು ಇಂಗಬಾರದು ಅಂತ ಹೊಂಡಕ್ಕ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸ್ತಾರ. ನಾಲ್ಕೂ ಕಡೆ ಹೆಚ್ಚುಕಡಿಮಿ 45 ಡಿಗ್ರಿ ಇಳಿಜಾರು. ನೀರು ನಿಂತು ತಿಂಗಳಾಯ್ತು ಅಂದ್ರ ಹಾಳೆ ಮ್ಯಾಲೆ ಪಾಚಿ ಬರ್ತದ. ಆಗ ಅದರ ಮ್ಯಾಲೆ ಕಾಲಿಟ್ರ ಎಣ್ಣಿ ಸವರಿದ ಬಂಡೆ ಮ್ಯಾಲೆ ನಿಂತಂಗ. ಈಜು ಬರೋ ಹುಡುಗ ದಂಡಿ ತನಕ ಬರ್ತಾನ, ಹಾಳೆಗೆ ಕೈ ಹಚ್ತಾನ, ಜಾರ್ತಾನ. ಮತ್ತೆ ಹಚ್ತಾನ, ಮತ್ತೆ ಜಾರ್ತಾನ. ಈಜು ಬಂದ್ರೂ ಮೇಲೆ ಬರೋಕೆ ಆಗೋದಿಲ್ಲ. ಎರಿ ಭೂಮಿಯಲ್ಲಿ ಹಾಳೆ ಹಾಕದ ಹೊಂಡ ಅಂದ್ರ ಇನ್ನೊಂದು ಕಥಿ. ಅಲ್ಲಿ ಕೆಸರು ಕಾಲು ಹಿಡೀತದ, ದಂಡಿ ಕುಸೀತದ.

ಇನ್ನೊಂದು ಮಾತು. ಒಬ್ಬ ಜಾರಿದ್ರ ಎಳೆಯೋಕೆ ಇನ್ನೊಬ್ಬ ಇಳೀತಾನ. ಅಣ್ಣ ತಮ್ಮ, ತಾಯಿ ಮಗಳು, ಗೆಳೆಯ ಗೆಳೆಯ, ಹಿಂಗ ಇಬ್ಬರು ಮೂವರು ಒಟ್ಟಿಗೆ ಹೋದ ಸುದ್ದಿ ನೀವು ಬೇಸಿಗೆ ರಜೆಯಲ್ಲಿ ಓದೇ ಓದಿರ್ತೀರಿ. ಎರಡನೆಯವರು ಪ್ರೀತಿಯಿಂದ ಇಳಿದಿರ್ತಾರ. ಆದ್ರ ಆ ಹಾಳೆ ಮೊದಲನೆಯವರನ್ನ ಜಾರಿಸಿದಂಗೇ ಅವರನ್ನೂ ಜಾರಿಸ್ತದ.

ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಕೊಟ್ಟ ವರದಿ ಪ್ರಕಾರ 2021ರಲ್ಲಿ ಪ್ರಪಂಚದಾಗ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತಾರ. ಅದರಾಗ ನಾಲ್ಕರಲ್ಲಿ ಒಂದು ಪಾಲಿನಷ್ಟು 5 ವರ್ಷದೊಳಗಿನ ಮಕ್ಕಳು. ಅಷ್ಟು ಸಣ್ಣ ಕೂಸಿಗೆ ಈಜು ಕಲಿಸಿ ಉಳಿಸೋಕೆ ಆಗೋದಿಲ್ಲ. "ಅಲ್ಲಿ ಹೋಗಬ್ಯಾಡ" ಅಂದ್ರ ತಿಳಿಯೋದೂ ಇಲ್ಲ. ಅದಕ್ಕೇ ಆ ಸಂಸ್ಥೆ ಹೇಳೋ ಉಪಾಯಗಳಲ್ಲಿ ನೀರಿಗೆ ತಡೆ ಕಟ್ಟೋದು ಒಂದು ಮುಖ್ಯ ಉಪಾಯ. ನಮ್ಮ ಮಾತಿನಾಗ ಹೇಳ್ಬೇಕಂದ್ರ ಬೇಲಿ.

ಹೊಂಡಕ್ಕ 80, ಬೇಲಿಗೆ 40

ಈಗ ಅಸಲಿ ಮಾತಿಗೆ ಬರ್ತೀನಿ. ಕೃಷಿ ಭಾಗ್ಯದಲ್ಲಿ ಬೇಲಿ ಇಲ್ವಾ? ಅದ. ಯೋಜನೆಯ ಪಟ್ಟಿಯಲ್ಲಿ ಕ್ಷೇತ್ರ ಬದು, ಕೃಷಿ ಹೊಂಡ, ಪಂಪ್‌ಸೆಟ್, ತುಂತುರು ಅಥವಾ ಹನಿ ನೀರಾವರಿ, ಇವುಗಳ ಜೊತೆ "ಹೊಂಡದ ಸುತ್ತ ತಂತಿ ಬೇಲಿ" ಅಂತ ಸ್ಪಷ್ಟವಾಗಿ ಬರೆದದ.

ಆದ್ರ ಸಹಾಯಧನ ನೋಡ್ರಿ. ಹೊಂಡ ತೋಡೋಕೆ ಸಾಮಾನ್ಯ ವರ್ಗದ ರೈತರಿಗೆ 80 ಪರ್ಸೆಂಟ್, ಪರಿಶಿಷ್ಟ ಜಾತಿ, ಪಂಗಡದವರಿಗೆ 90 ಪರ್ಸೆಂಟ್. ತಂತಿ ಬೇಲಿಗೆ ಬಂದ್ರ ಸಾಮಾನ್ಯ ವರ್ಗಕ್ಕೆ 40, ಪರಿಶಿಷ್ಟರಿಗೆ 50. ಅಂದ್ರ ಗುಂಡಿ ತೋಡೋ ಖರ್ಚಿನಾಗ ರೈತನ ಕೈಯಿಂದ ಹೋಗೋದು ಐದರಲ್ಲಿ ಒಂದು ಪಾಲು. ಆ ಗುಂಡಿಗೆ ಯಾರೂ ಬೀಳದಂಗ ಮಾಡೋ ಖರ್ಚಿನಾಗ ಅರ್ಧಕ್ಕಿಂತ ಜಾಸ್ತಿ ಅವನದೇ. ಬೆಲೆ ಸಿಗದ ವರ್ಷ, ಸಾಲ ತಲಿ ಮ್ಯಾಲೆ ಇದ್ದಾಗ ಮನುಷ್ಯ ಏನು ಮಾಡ್ತಾನ? "ಮುಂದಿನ ವರ್ಷ ಹಾಕಿದ್ರಾಯ್ತು ಬಿಡು" ಅಂತಾನ. ಇದು ರೈತನ ಅಸಡ್ಡೆ ಅಂತ ಬೈಯೋದು ಸುಲಭ. ಲೆಕ್ಕವೇ ಅವನನ್ನ ಆ ಕಡೆ ತಳ್ತದ.

ಇದು ಮೊದಲನೇ ತೊಂದರೆ. ಎರಡನೇದು ಇದಕ್ಕಿಂತ ಸಣ್ಣದು ಅನಿಸ್ತದ, ಆದ್ರ ನನಗ ಅದೇ ದೊಡ್ಡದು. ಬೇಲಿ ಹಾಕಿದವರ ಹೊಂಡದ ಬಳಿಯೂ, ಸರ್ಕಾರದ ಕಣ್ಣು ಒಂದೇ ಸಲ ಬೀಳ್ತದ, ಬಿಲ್ ಆಗೋ ಮೊದಲು. ಅಧಿಕಾರಿ ಬರ್ತಾರ, ಅಳತೆ ನೋಡ್ತಾರ, ಫೋಟೊ ಹೊಡೀತಾರ, ಹಣ ಖಾತೆಗೆ ಬೀಳ್ತದ. ಅವತ್ತು ಬೇಲಿ ಹೊಸದು, ಕಂಬ ನೆಟ್ಟಗ ಅವ, ತಂತಿ ಬಿಗಿ ಅದ. ಹೊಂಡ ಅಲ್ಲಿ ಇರೋದು ಹತ್ತಾರು ವರ್ಷ. ಬೇಲಿ ಅಷ್ಟು ದಿನ ನಿಲ್ತದಾ?

ನಮ್ಮ ಎರಿ ಮಣ್ಣಿನ ಗುಣ ನಿಮಗ ಗೊತ್ತು. ಮಳೆಗೆ ಉಬ್ತದ, ಬೇಸಿಗೆಗೆ ಬಿರೀತದ. ಎರಡು ಮಳೆಗಾಲ ಕಂಡ ಕಂಬ ವಾಲೋದು ಸಹಜ. ಬಿರುಕು ಬಿಟ್ಟ ಕಡೆ ತಂತಿ ಕೆಳಗೆ ಸಂದು ಆಗ್ತದ. ಆಡು ನುಗ್ಗಿ ತಂತಿ ಸಡಿಲ ಮಾಡ್ತದ. ಯಾರೋ ಪಂಪಿನ ಪೈಪು ಹಾಯಿಸೋಕೆ ತಂತಿ ಕತ್ತರಿಸ್ತಾರ. ಗೇಟಿನ ಕೊಂಡಿ ಕಳಚಿ ಬಿದ್ದು, ಅಲ್ಲೊಂದು ಸುತ್ತಿದ ತಂತಿ ಮಾತ್ರ ಉಳೀತದ. ಫೋಟೊದಾಗ ಇರೋ ಬೇಲಿ ಒಂದು, ಹೊಲದಾಗ ಇರೋ ಬೇಲಿ ಇನ್ನೊಂದು. ಸಿಡ್ನಿಯವರ ಪ್ರಮಾಣಪತ್ರಕ್ಕೆ ಅವಧಿ ಇಟ್ಟಿರೋದು ಇದಕ್ಕೇ. ಬೇಲಿ ಹಳೇದಾಗ್ತದ ಅನ್ನೋದನ್ನ ಆ ಕಾನೂನು ಒಪ್ಕೊಂಡದ.

ಕೊಳವೆ ಬಾವಿಯಿಂದ ಕಲಿತ ಪಾಠ

ನಮ್ಮ ಜಿಲ್ಲೆಗೆ ಇದು ಹೊಸ ಪಾಠ ಅಲ್ಲ. 2007ರ ಏಪ್ರಿಲ್‌ನಲ್ಲಿ ಮಾನ್ವಿ ತಾಲೂಕಿನ ನೀರಮಾನ್ವಿಯಲ್ಲಿ ಒಬ್ಬ ಬಾಲಕ ತೆರೆದ ಕೊಳವೆ ಬಾವಿಗೆ ಬಿದ್ದ. ಇಡೀ ರಾಜ್ಯ ಟಿವಿ ಮುಂದ ಕೂತು ನೋಡಿತು. ಅವನನ್ನ ಉಳಿಸೋಕೆ ಆಗಲಿಲ್ಲ. ನಿಮ್ಮಲ್ಲಿ ಬಹಳ ಮಂದಿ ಆಗ ಹುಟ್ಟಿರಲಿಕ್ಕಿಲ್ಲ. ಮನ್ಯಾಗ ಹಿರಿಯರನ್ನ ಕೇಳ್ರಿ, ನೆನಪು ಮಾಡ್ಕೊಂತಾರ.

ದೇಶದಾಗ ಇಂಥವು ಒಂದಾದ ಮ್ಯಾಲೆ ಒಂದು ಆದವು. 2010ರಲ್ಲಿ ಸುಪ್ರೀಂ ಕೋರ್ಟ್ ಕೊಳವೆ ಬಾವಿಗೆ ನಿಯಮ ಹಾಕಿತು. ಕೊರೆಯೋ 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೆಲಸ ನಡೆಯೋವಾಗ ಸುತ್ತ ಮುಳ್ಳುತಂತಿ ಬೇಲಿ ಇರಬೇಕು, ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಆಗಬೇಕು, ಬಾಯಿಗೆ ಉಕ್ಕಿನ ಪ್ಲೇಟ್ ವೆಲ್ಡ್ ಮಾಡಬೇಕು ಇಲ್ಲಾ ನಟ್ ಬೋಲ್ಟ್ ಹಾಕಿದ ಮುಚ್ಚಳ ಇರಬೇಕು, ಬಿಟ್ಟ ಬಾವಿಯನ್ನ ಕೆಳಗಿನಿಂದ ಮೇಲಿನ ತನಕ ತುಂಬಬೇಕು.

ನಿಯಮ ಬಂದ ಮೇಲೆ ನಿಂತವಾ? ಇಲ್ಲ. 2014ರಲ್ಲಿ ಬಾಗಲಕೋಟೆಯ ಸೂಳಿಕೇರಿ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಇನ್ನೂ ಎರಡು ವರ್ಷ ತುಂಬದ ಕೂಸು ಬಿತ್ತು. ಸುಮಾರು 20 ತಾಸು ಮಣ್ಣು ಅಗೆದು ಅದನ್ನ ಜೀವಂತ ಎತ್ತಿದ್ರು. ಇಡೀ ರಾಜ್ಯ ಉಸಿರು ಬಿಟ್ಟಿತು. ಆದ್ರ ಪ್ರತಿ ಸಲ ಹಂಗ ಆಗೋದಿಲ್ಲ.

ಇದರಿಂದ ನನಗ ತಿಳಿದದ್ದು ಇಷ್ಟು. ನಿಯಮ ಬರೆಯೋದು ಅರ್ಧ ಕೆಲಸ. ಬರೆದದ್ದು ಹೊಲದಾಗ ಅದಾ ಅಂತ ಯಾರೋ ಒಬ್ಬರು ಹೋಗಿ ನೋಡೋದು ಉಳಿದ ಅರ್ಧ. ಆ ಒಬ್ಬರನ್ನ ಕಾಯ್ತಾ ಕೂಡೋ ಬದಲು, ಈಗ ಫೋನ್ ಕೈಯಾಗ ಇರೋ ನೀವೇ ಹೋಗಿ ನೋಡಬಹುದು. ಹೆಂಗ ನೋಡೋದು ಅಂತ ಹೇಳ್ತೀನಿ.

ಹತ್ತು ನಿಮಿಷದ ತಪಾಸಣೆ

ಸಿಡ್ನಿಯ ಪರಿಶೀಲಕರು ನೋಡೋ ವಿಷಯಗಳನ್ನೇ ನಮ್ಮ ಹೊಂಡಕ್ಕ ಹೊಂದಿಸ್ಕೊಂಡು ಹೇಳ್ತೀನಿ.

ಒಂದು, ಎತ್ತರ. ಅಲ್ಲಿ ಬೇಲಿ ಕಡಿಮೆ ಅಂದ್ರ 1.2 ಮೀಟರ್ ಇರಬೇಕು, ಅಂದ್ರ 4 ಅಡಿ. ನಮ್ಮಲ್ಲಿ ಆಡು, ಎಮ್ಮೆ ಒತ್ತೋದು ಇರೋದರಿಂದ 5 ಅಡಿ ಇದ್ರ ಒಳ್ಳೇದು. ಕಂಬ ವಾಲಿದ ಕಡೆ ಎತ್ತರ ಕಮ್ಮಿ ಆಗಿರ್ತದ, ಅಲ್ಲೇ ಅಳೀರಿ.

ಎರಡು, ಸಂದು. ಅಲ್ಲಿ ಬೇಲಿ ಕೆಳಗಾಗಲಿ ಕಂಬಿ ನಡುವಾಗಲಿ 10 ಸೆಂಟಿಮೀಟರಿಗಿಂತ ಜಾಸ್ತಿ ಸಂದು ಇರಬಾರದು. ಹೆಬ್ಬೆರಳು ಸೇರಿಸಿ ನಿಮ್ಮ ಅಂಗೈ ಅಡ್ಡ ಹಿಡಿದ್ರ ಹೆಚ್ಚುಕಡಿಮಿ ಅಷ್ಟೇ. ಅಂಗೈ ಆರಾಮಾಗಿ ಹೋಗಿ, ಇನ್ನೂ ಜಾಗ ಉಳಿದ್ರ ಅದು ಫೇಲ್. ಮುಳ್ಳುತಂತಿ ನಾಲ್ಕೈದು ಸಾಲು ಎಳೆದು ಬಿಟ್ಟ ಬೇಲಿ ಎಲ್ಲಾ ಇಲ್ಲೇ ಫೇಲ್ ಆಗ್ತಾವ. ಎಮ್ಮೆ ನಿಲ್ತದ, ಮೂರು ವರ್ಷದ ಕೂಸು ನಿಲ್ಲೋದಿಲ್ಲ. ಅಂಥ ಬೇಲಿಗೆ ಕೆಳಗಿನ 3 ಅಡಿಗೆ ಜಾಳಿಗಿ ಕಟ್ಟಿ, ಅದರ ಅಂಚು ಮಣ್ಣಿನಾಗ ಹೂಳ್ರಿ.

ಮೂರು, ಏಣಿ. ಬೇಲಿ ಪಕ್ಕ ಮಕ್ಕಳು ಹತ್ತೋಕೆ ಏನಾದ್ರೂ ಅದಾ? ಕಲ್ಲಿನ ಗುಡ್ಡಿ, ಹನಿ ನೀರಾವರಿ ಪೈಪಿನ ಸುರುಳಿ, ಹತ್ತಿ ಕಟಗಿ ಹೊರೆ, ಗೊಬ್ಬರದ ಚೀಲ. ಬೇಲಿಯಿಂದ 3 ಅಡಿ ಜಾಗ ಬೋಳು ಇರಬೇಕು.

ನಾಲ್ಕು, ಗೇಟು. ಅಲ್ಲಿ ಗೇಟು ಕೈ ಬಿಟ್ರ ತಾನೇ ಮುಚ್ಚಬೇಕು, ತಾನೇ ಕೊಂಡಿ ಬೀಳಬೇಕು, ನೀರಿನ ಕಡೆ ತೆರೆಯದೇ ಹೊರಗಡೆ ತೆರೀಬೇಕು. ಕೊಂಡಿ ಮಕ್ಕಳ ಕೈಗೆ ಎಟುಕಬಾರದು. ನಮ್ಮಲ್ಲಿ ಒಂದು ಹಳೇ ಸೈಕಲ್ ಟ್ಯೂಬು ಬಿಗಿದು ಕಟ್ಟಿದ್ರ ಗೇಟು ತಾನೇ ಎಳ್ಕೊಂಡು ಮುಚ್ಕೊಂತದ. ಸ್ಪ್ರಿಂಗ್ ಬಾಗಿಲಿನ ಕೆಲಸ ಅದೇ ಮಾಡ್ತದ. ಟ್ಯೂಬು ಬಿಸಿಲಿಗೆ ಸೀಳ್ತದ, ವರ್ಷಕ್ಕೊಮ್ಮೆ ಬದಲಿಸ್ರಿ.

ಗೇಟು ಯಾಕ ತೆರೆದೇ ಇರ್ತದ ಅಂತ ಯೋಚನೆ ಮಾಡ್ರಿ. ದಿನಾ ಪಂಪು ಒಳಗ ಒಯ್ಯಬೇಕು, ಹೊರಗ ತರಬೇಕು. ಅದಕ್ಕ ಪಂಪನ್ನ ಬೇಲಿಯ ಹೊರಗ ಇಟ್ಟು, ಹೀರೋ ಪೈಪು ಮಾತ್ರ ಒಂದು ಬಿಗಿ ತೂತಿನಿಂದ ಒಳಗ ಬಿಡ್ರಿ. 3 ಮೀಟರ್ ಆಳದ ಹೊಂಡದಿಂದ ಒಂದೆರಡು ಮೀಟರ್ ದೂರ ನಿಂತು ಎಳೆಯೋದು ಮಾಮೂಲಿ ಪಂಪಿಗೆ ಭಾರ ಅಲ್ಲ. ಗೇಟು ತೆರೆಯೋ ಕೆಲಸವೇ ಇಲ್ಲ ಅಂದ್ರ ಗೇಟು ಮುಚ್ಚೇ ಇರ್ತದ.

ಐದು, ಒಳಗಿನ ಹಗ್ಗ. ಇದು ಬೇಲಿ ಸೋತ ಮೇಲೆ ಉಳಿಯೋ ಕೊನೇ ಆಸರೆ. ನಾಲ್ಕೂ ದಂಡಿಗೆ ಗಟ್ಟಿ ಗೂಟ ಹೊಡೆದು, ಅಡಿಗೊಂದು ಗಂಟು ಹಾಕಿದ ನೈಲಾನ್ ಹಗ್ಗ ಹೊಂಡದ ತಳದ ತನಕ ಇಳಿಬಿಡ್ರಿ. ನೀರು ಎಷ್ಟೇ ಕಮ್ಮಿ ಆದ್ರೂ ಕೈಗೆ ಸಿಗಬೇಕು. ಹಳೇ ಟಯರು ಒಂದಕ್ಕೊಂದು ಕಟ್ಟಿ ಇಳಿಬಿಟ್ರ ಅದು ಮೆಟ್ಟಿಲಾಗ್ತದ. ಗೇಟಿನ ಹತ್ತಿರ, ಮುಚ್ಚಳ ಬಿಗಿ ಇರೋ ಖಾಲಿ ಎಣ್ಣಿ ಕ್ಯಾನಿಗೆ ಉದ್ದ ಹಗ್ಗ ಕಟ್ಟಿ ತೂಗುಹಾಕ್ರಿ. ಯಾರಾದ್ರೂ ಬಿದ್ರ ಎಸೆಯೋಕೆ ಅದು.

ತಂತಿಗೆ ರೊಕ್ಕ ಇಲ್ಲ ಅನ್ನೋರಿಗೆ ಒಂದು ಮಾತು. ಬಳ್ಳಾರಿ ಜಾಲಿಗೆ ನಮ್ಮ ಕಡೆ ಬರ ಇಲ್ಲ. ಮುಳ್ಳು ಕಡಿದು ದಟ್ಟ ಹಚ್ಚಿದ್ರ ಇವತ್ತೇ ಒಂದು ಬೇಲಿ ಆಗ್ತದ. ಹಾಳೆಗೆ ಮುಳ್ಳು ಚುಚ್ಚದಂಗ ದಂಡಿಯಿಂದ ಸ್ವಲ್ಪ ದೂರ ಹಚ್ರಿ. ಗೆದ್ದಲು ತಿಂದು ವರ್ಷದೊಳಗ ಅದು ಕೂಡ್ತದ, ಮತ್ತೆ ಹಚ್ಚಬೇಕು. ಜೊತೆಗೆ ಕತ್ತಾಳೆ ನೆಟ್ರ ಮುಂದ ಅದೇ ಜೀವಂತ ಬೇಲಿ.

ಯಾವಾಗ ನೋಡೋದು?

ತಾರೀಖು ಇಟ್ಕೊಳ್ಳದೇ ಇದ್ರ ಯಾರೂ ನೋಡೋದಿಲ್ಲ. ನಮ್ಮ ಕಡೆ ಎರಡು ದಿನ ರೆಡಿ ಅವ. ಒಂದು ಕಾರಹುಣ್ಣಿಮೆ. ಮುಂಗಾರು ಶುರು, ಹೊಂಡ ಇನ್ನೂ ತುಂಬಿಲ್ಲ, ಕಂಬ ನೆಟ್ಟಗ ಮಾಡೋಕೆ ಮಣ್ಣು ಹಸಿ ಇರ್ತದ. ಎತ್ತು ಸಿಂಗರಿಸೋ ಹಬ್ಬಕ್ಕ ಬೇಲಿನೂ ಒಂದು ಸಲ ನೋಡ್ರಿ.

ಇನ್ನೊಂದು ಎಳ್ಳ ಅಮಾವಾಸ್ಯೆ. ಅವತ್ತು ಚರಗ ಚೆಲ್ಲೋಕೆ ಇಡೀ ಮನಿಮಂದಿ, ಬೀಗರು, ಊರಿಂದ ಬಂದ ಮಕ್ಕಳು ಎಲ್ಲಾ ಹೊಲದಾಗ. ದೊಡ್ಡವರು ಭಜ್ಜಿ, ರೊಟ್ಟಿ ಬಿಚ್ಚಿ ಕೂತಿರ್ತಾರ, ಮಕ್ಕಳು ಓಡ್ಯಾಡ್ತಿರ್ತಾವ, ಹೊಂಡದಾಗ ನೀರು ಇನ್ನೂ ಇರ್ತದ. ಅದೇ ಹೊತ್ತಿಗೆ ಹತ್ತಿ ಬಿಡಿಸೋ ಕೆಲಸನೂ ನಡೆದಿರ್ತದ. ಕೂಲಿಗೆ ಬಂದ ತಾಯಂದಿರು ಕೂಸನ್ನ ಗಿಡದ ನೆರಳಿಗೆ ಮಲಗಿಸಿ ಸಾಲು ಹಿಡೀತಾರ. ಆ ಕೂಸು ಎದ್ದು ತೆವಳಿದ್ರ ಯಾವ ಕಡೆ ಹೋಗ್ತದ ಅಂತ ಹೊಲದ ಯಜಮಾನರು ಒಂದು ಸಲ ಯೋಚನೆ ಮಾಡ್ಬೇಕು. ಹೊಂಡ ಇರೋ ಹೊಲದಾಗ ಕೂಲಿಗೆ ಕರೆಯೋವಾಗ, ಮಕ್ಕಳನ್ನ ನೋಡ್ಕೊಳ್ಳೋಕೆ ಒಬ್ಬ ಅಜ್ಜಿಗೆ ಕೂಲಿ ಕೊಟ್ಟು ಕೂಡಿಸಿದ್ರ ಅದು ದಂಡ ಅಲ್ಲ. ಪಂಚಾಯಿತಿಯ ಕೂಸಿನ ಮನೆ, ಅಂಗನವಾಡಿ ಹತ್ತಿರ ಇದ್ರ ಅಲ್ಲಿ ಬಿಡೋ ಅಭ್ಯಾಸ ಮಾಡ್ಸ್ರಿ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಗಲು ಹೊತ್ತು ಮಕ್ಕಳನ್ನ ಒಂದು ಕಡೆ ಕೂಡಿಸಿ ನೋಡ್ಕೊಂಡಿದ್ದಕ್ಕೇ ಮುಳುಗಿ ಸಾಯೋ ಮಕ್ಕಳು ಬಹಳ ಕಮ್ಮಿ ಆಗ್ಯಾರ.

ರಾಯಚೂರು ಸಿಟಿಯವರು "ನಮಗ ಹೊಂಡ ಇಲ್ಲ" ಅಂತ ಕೂಡಬ್ಯಾಡ್ರಿ. ನಿಮ್ಮ ಮನಿ ಮುಂದಿನ ಸಂಪ್ ಏನು? ನಲ್ಲಿ ನೀರು ಬಂದ ದಿನ ಮುಚ್ಚಳ ತೆಗೆದು ಇಣುಕ್ತೀರಿ, ಟ್ಯಾಂಕರ್ ಬಂದ್ರ ಪೈಪು ಬಿಟ್ಟು ಮಾತಾಡ್ತಾ ನಿಲ್ತೀರಿ. ಆ ಐದು ನಿಮಿಷ ಸಾಕು. ಮುಚ್ಚಳಕ್ಕ ಕೀಲಿ ಇರಬೇಕು, ತುಕ್ಕು ಹಿಡಿದದ್ದು ಬದಲಿಸಬೇಕು, ತೆರೆದಾಗ ಒಬ್ಬರು ಅಲ್ಲೇ ನಿಲ್ಲಬೇಕು. ಬೆಂಗಳೂರಿನ ಸೈಟಿನಾಗ ಇರೋ ಗೆಳೆಯರೇ, ನಿಮಗೂ ಇದೇ ಮಾತು. ಕಟ್ಟಡ ಅರ್ಧ ಆಗಿರ್ತದ, ಸಂಪ್‌ನಾಗ ನೀರು ತುಂಬಿರ್ತದ, ಮ್ಯಾಲೆ ಒಂದು ಹಲಗಿನೂ ಇರೋದಿಲ್ಲ, ಪಕ್ಕದ ಶೆಡ್ಡಿನಾಗ ನಿಮ್ಮ ಮಕ್ಕಳು. ಮುಚ್ಚಳ ಹಾಕ್ಸು ಅಂತ ಮೇಸ್ತ್ರಿಗೆ ಕೇಳೋದು ನಿಮ್ಮ ಹಕ್ಕು.

ಬಿದ್ದೇ ಬಿಟ್ರ

ನೀವು ಇಳೀಬ್ಯಾಡ್ರಿ. ಮೊದಲು ಕೂಗ್ರಿ, ಆಮೇಲೆ ಎಸೀರಿ. ಹಗ್ಗ, ಕ್ಯಾನು, ಎರಡು ಸೀರಿ ಗಂಟು ಹಾಕಿದ್ದು, ಉದ್ದ ಬಿದಿರು, ಪೈಪು, ಏನು ಸಿಕ್ರೂ ಸರಿ. ನೆಲದ ಮ್ಯಾಲೆ ಮಲಗಿಕೊಂಡು ಎಳೀರಿ, ನಿಂತು ಎಳೆದ್ರ ನೀವೂ ಜಾರ್ತೀರಿ. 112ಕ್ಕೆ ಇಲ್ಲಾ 108ಕ್ಕೆ ಫೋನ್ ಹಚ್ಚೋಕೆ ಒಬ್ಬರಿಗೆ ಹೇಳ್ರಿ.

ಮೇಲೆ ತಂದ ಮೇಲೆ ಗಟ್ಟಿ ನೆಲದ ಮ್ಯಾಲೆ ಅಂಗಾತ ಮಲಗಿಸ್ರಿ. ಉಸಿರು ಇಲ್ಲಾಂದ್ರ ಗದ್ದ ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಮೊದಲು ಉಸಿರು ಕೊಡ್ರಿ. ಆಮೇಲೆ ಎದೆ ನಡುವೆ 30 ಸಲ ಒತ್ತಿ, 2 ಉಸಿರು, ಮತ್ತೆ 30, ಮತ್ತೆ 2. ಒತ್ತೋ ವೇಗ ನಿಮಿಷಕ್ಕೆ 100ರಿಂದ 120. ಆಂಬುಲೆನ್ಸ್ ಬರೋ ತನಕ ನಿಲ್ಲಿಸಬ್ಯಾಡ್ರಿ. ಹೊಟ್ಟಿ ಒತ್ತೋದು, ತಲೆಕೆಳಗ ಮಾಡಿ ತಿರುಗಿಸೋದು ಬ್ಯಾಡ. ಆ ಹೊತ್ತು ಉಸಿರಿಗೆ ಬೇಕು.

ಇನ್ನೊಂದು. ಮುಳುಗಿದವರನ್ನ ಉಪ್ಪಿನಾಗ ಹೂತಿಟ್ರ ಜೀವ ಬರ್ತದ ಅಂತ ವಾಟ್ಸ್ಆ್ಯಪ್‌ನಾಗ ಓಡಾಡೋ ಮೆಸೇಜ್ ಶುದ್ಧ ಸುಳ್ಳು. 2022ರಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನ ನಂಬಿ, ಹೊಂಡದಾಗ ಮುಳುಗಿದ ಬಾಲಕನ ದೇಹವನ್ನ ತಾಸುಗಟ್ಟಲೆ ಉಪ್ಪಿನಾಗ ಇಟ್ಟಿದ್ರು. ಆ ತಂದೆ ತಾಯಿಯನ್ನ ನಗೋದು ಬ್ಯಾಡ. ಮಗ ಬರ್ತಾನ ಅಂದ್ರ ಯಾರು ಏನು ಮಾಡೋದಿಲ್ಲ ಹೇಳ್ರಿ? ತಪ್ಪು ಆ ಮೆಸೇಜ್ ಕಳಿಸಿದ ಬೆರಳಿನದು. ನಿಮಗ ಬಂದ್ರ ಅಲ್ಲೇ ಅಳಿಸ್ರಿ, ಕಳಿಸಿದವರಿಗೆ ಸುಳ್ಳು ಅಂತ ಹೇಳ್ರಿ.

ಈ ವಾರದ ಕೆಲಸ

ನಾನು ಕೇಳೋದು ಇಷ್ಟೇ. ನಿಮ್ಮೂರಿನ ಸೀಮೆಯಲ್ಲಿ ಎಷ್ಟು ಹೊಂಡ ಅವ ಅಂತ ಗೆಳೆಯರು ಕೂಡಿ ಒಂದು ಪಟ್ಟಿ ಮಾಡ್ರಿ. ಹೊಲದವರ ಒಪ್ಪಿಗಿ ತಗೊಂಡು ಹೋಗ್ರಿ. ಅವರು ನಿಮ್ಮ ಕಾಕಾ, ಮಾವ, ಅಣ್ಣಂದಿರೇ ಇರ್ತಾರ. "ನಿಮ್ಮ ಬೇಲಿ ಸರಿ ಇಲ್ಲ" ಅಂತ ಶುರು ಮಾಡಬ್ಯಾಡ್ರಿ, "ಕಾಕಾ, ಹಗ್ಗ ಕಟ್ಟೋಕೆ ಬಂದೀವಿ" ಅನ್ರಿ. ಐದು ವಿಷಯ ನೋಡ್ರಿ, ಫೋಟೊ ತೆಗೀರಿ, ತಾರೀಖು ಬರೀರಿ. ಹಗ್ಗ ಅವತ್ತೇ ಕಟ್ಟಿ ಬರ್ರಿ, ಅದಕ್ಕ ಯಾರ ಮಂಜೂರಾತಿನೂ ಬೇಕಾಗಿಲ್ಲ. ಫೋಟೊಗಳನ್ನ ಇನ್‌ಸ್ಟಾಗ್ರಾಮ್‌ಗೆ ಹಾಕಿ ಯಾರ ಮಾನನೂ ಕಳೀಬ್ಯಾಡ್ರಿ. ಪಟ್ಟಿಯನ್ನ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕ ಒಂದು, ಗ್ರಾಮ ಪಂಚಾಯಿತಿಗೆ ಒಂದು ಪ್ರತಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸ್ಕೊಳ್ರಿ.

ಮುಂದಿನ ಗ್ರಾಮ ಸಭೆಯಲ್ಲಿ ಎರಡು ಮಾತು ಎತ್ರಿ. ಬೇಲಿಗೂ ಹೊಂಡದಷ್ಟೇ ಸಹಾಯಧನ ಕೊಡ್ರಿ ಅನ್ನೋದು ಒಂದು. ಬಿಲ್ ಆದ ಮೇಲೂ ವರ್ಷಕ್ಕೊಮ್ಮೆ ಬಂದು ಬೇಲಿ ನೋಡ್ರಿ ಅನ್ನೋದು ಇನ್ನೊಂದು. ಹೊಂಡದ ಫೋಟೊ ಒಂದು ಸಲ ಹೊಡೆಯೋಕೆ ಆ್ಯಪ್ ಇರೋದಾದ್ರ, ಎರಡನೇ ಸಲ ಹೊಡೆಯೋಕೆ ಹೊಸ ಖರ್ಚು ಏನದ?

ಸರ್ಕಾರ ಒಪ್ಪೋ ತನಕ ಕಾರಹುಣ್ಣಿಮೆಗೆ ಒಮ್ಮೆ, ಎಳ್ಳ ಅಮಾವಾಸ್ಯೆಗೆ ಒಮ್ಮೆ ನೀವೇ ಪರಿಶೀಲಕರು. ಫೋನಿನಾಗ ಈಗಲೇ ರಿಮೈಂಡರ್ ಹಾಕ್ಕೊಳ್ರಿ. ಹೊಂಡ ಇರೋ ಒಬ್ಬರಿಗೆ ಈ ಎಪಿಸೋಡ್ ಕಳಿಸ್ರಿ.